ದೊಡ್ಡ ಹುಣಸೆಗೆ ಕಟ್ಟಿದ ತೊಟ್ಟಿಲುಗಳು

ನನ್ನ ಹೆಸರು ಪೂರ್ಣಶ್ರೀ ಗಂಡ ಅಕ್ಷೋಭ್ಯ, ವಯಸ್ಸು 37 ವರ್ಷ, ಉದ್ಯೋಗ ಸೂಬೇದಾರ ಬಾಗ್ ಸಸ್ಯೋದ್ಯಾನದಲ್ಲಿ ಗೈಡ್, ತವರು ಮಾನ್ವಿ, ಹಾಲಿ ವಾಸ ಜವಾಹರ ನಗರ, ರಾಯಚೂರು. ಇಂದು ಠಾಣೆಗೆ ಕರೆಸಿ ವಿಚಾರಿಸಲಾಗಿ ನಾನು ಹೇಳುವುದೇನೆಂದರೆ:

ಸದರಿ ಬಾಗ್ ನಿಜಾಮರ ಕಾಲದ್ದು. ಅಲ್ಲಿಗೆ ಬರುವ ಜನರನ್ನು ಸುತ್ತಾಡಿಸಿ ಗಿಡಮರಗಳ ವಿಷಯ ತಿಳಿಸುವುದು ನನ್ನ ಕೆಲಸ. ಕೊನೆಗೆ ತೋರಿಸುವುದು ದೊಡ್ಡ ಹುಣಸೆ ಮರ. ಅದು ಆಫ್ರಿಕಾದಿಂದ ಬಂದದ್ದು, ಬುಡದಲ್ಲಿ ಆಳು ಹೊಗುವಷ್ಟು ಪೊಟರೆ ಇದೆ. ಹೆಸರು ಹುಣಸೆಯಾದರೂ ಇದು ಹುಣಸೆಯ ಜಾತಿಯಲ್ಲ ಎಂದರೆ ಜನ ನಕ್ಕು ಮುಂದೆ ಹೋಗುತ್ತಿದ್ದರು. ನನಗೆ ಅಷ್ಟು ಸಾಕಿತ್ತು.

ಕಳೆದ ವರ್ಷ ಬಾಗ್ ತೋರಿಸುವ ಗುತ್ತಿಗೆ ಹನುಮೇಶ ಎಂಬುವರಿಗೆ ಹೋಯಿತು. ಗಿಡದ ಹೆಸರು ಕೇಳಲು ಯಾರೂ ಬರುವುದಿಲ್ಲ, ಈ ಮರಕ್ಕೆ ತೊಟ್ಟಿಲು ಕಟ್ಟಿದರೆ ಮಕ್ಕಳಾಗುತ್ತವೆ ಎಂದು ಹೇಳಿರಿ ಎಂದು ಅವರು ನನಗೆ ತಿಳಿಸಿದರು. ನಾನು ಒಪ್ಪಲಿಲ್ಲ. ಆಗ ಅವರೇ ಜನರ ಮುಂದೆ ನನ್ನತ್ತ ಕೈ ತೋರಿಸಿ, ಈ ಮೇಡಂಗೂ ಮಕ್ಕಳಿರಲಿಲ್ಲ, ಇಲ್ಲಿ ತೊಟ್ಟಿಲು ಕಟ್ಟಿದ ಮೇಲೆ ಗಂಡುಮಗು ಆಯಿತು ಎಂದು ಹೇಳತೊಡಗಿದರು.

ನನಗೆ ಮಕ್ಕಳಿಲ್ಲ. ಇದು ಹನುಮೇಶ ಅವರಿಗೆ ಗೊತ್ತಿತ್ತು. ಅದರ ಚಿಕಿತ್ಸೆಗೆ ರಜೆ ಕೇಳಿದ್ದು ಅವರನ್ನೇ.

ನಾನು ಪ್ರತಿ ಸಲವೂ ಇದು ಸುಳ್ಳು, ನನಗೆ ಮಗನಿಲ್ಲ ಎಂದು ಹೇಳಿದ್ದೇನೆ. ಹೆಂಗಸರು ಮಾತ್ರ, "ಇರ್ಲಿ ಬಿಡ್ರೀ ಅಕ್ಕಾರ, ಕೂಸಿಗೆ ದೃಷ್ಟಿ ಆಗಬಾರದಂತ ಮುಚ್ಚಿಡಾಕತ್ತೀರಿ" ಎಂದು ನನ್ನ ಕೈ ಸವರುತ್ತಿದ್ದರು. ಇಲ್ಲವೆಂದಷ್ಟೂ ನಂಬಿದರು. ನನ್ನ ನಾದಿನಿಯ ಸೀಮಂತದಲ್ಲಿ ಉಡಿ ತುಂಬಲು ನನ್ನನ್ನು ಕರೆದಿರಲಿಲ್ಲ. ಇಲ್ಲಿ ಗುರುತಿಲ್ಲದ ಹೆಂಗಸರು ನನ್ನ ಮುಂದೆ ಉಡಿ ಒಡ್ಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಹನುಮೇಶ ಅವರು ಗೇಟಿನ ಬಳಿ ಟೇಬಲ್ ಹಾಕಿ ಬಟ್ಟೆಯ ತೊಟ್ಟಿಲು, ಕರ್ಪೂರ ಮಾರತೊಡಗಿದರು. ಒಣಬಟ್ಟೆಗೆ ಕಿಡಿ ತಗಲುತ್ತದೆ ಎಂದು ನಾನು ಹೇಳಿದ್ದಕ್ಕೆ, "ನಿಮ್ಮ ಪಗಾರ ಇದರಾಗಿಂದನ ಬರ್ತದರೀ, ಸುಮ್ಮನಿರ್ರಿ" ಎಂದರು.

ದಿನಾಂಕ 09-02-2025ರ ರವಿವಾರ ಬೆಳಿಗ್ಗೆ 11 ಗಂಟೆಗೆ ದೇವದುರ್ಗ ಕಡೆಯ ಅರಕೇರಾದಿಂದ ಯಂಕಮ್ಮ ಗಂಡ ಪರಮಣ್ಣ ಎಂಬುವರು ತಮ್ಮ ಅತ್ತೆ ಮಾರೆಮ್ಮನೊಂದಿಗೆ ಬಂದರು. ಹನುಮೇಶ ಅವರು ನನ್ನನ್ನು ತೋರಿಸಿ ಅದೇ ಕಥೆ ಹೇಳಿದರು, ನಾನು ಎಂದಿನಂತೆ ಇದೆಲ್ಲ ಸುಳ್ಳೆಂದೆ. ಮಾರೆಮ್ಮ ಸೊಸೆಗೆ, "ಇದ ಕಡೀ ಹರಕಿ ನೋಡು. ಇದೂ ಆಗಲಿಲ್ಲಂದ್ರ ಮಗಗ ಬ್ಯಾರೆ ಹೆಣ್ಣು ತರ್ತೀನಿ" ಎಂದರು. ಯಂಕಮ್ಮ ತೊಟ್ಟಿಲು ಕಟ್ಟಿ, ಪೊಟರೆಯೊಳಗೆ ಬಗ್ಗಿ ಕರ್ಪೂರ ಹಚ್ಚಿದರು. ಮೇಲೆ ತೂಗುತ್ತಿದ್ದ ಹಳೆಯ ತೊಟ್ಟಿಲುಗಳು ಹೊತ್ತಿಕೊಂಡು ಅವರ ಸೆರಗಿನ ಮೇಲೆ ಬಿದ್ದವು. ನಾನು ಗೋಣಿಚೀಲ ಹೊದಿಸಿ ನೀರು ಸುರಿದೆ. ನನ್ನ ಎಡಗೈಯೂ ಸುಟ್ಟಿದೆ. ಆಂಬ್ಯುಲೆನ್ಸ್ ಬಂದಾಗ ಹನುಮೇಶ ಅವರು ಟೇಬಲನ್ನು ಒಳಗೆ ಇಡಿಸುತ್ತಿದ್ದರು. ಮರಕ್ಕೆ ಏನೂ ಆಗಿಲ್ಲ.

ಅದೇ ದಿನ ಸಂಜೆ ಆಸ್ಪತ್ರೆಗೆ ಹೋದೆ. ಯಂಕಮ್ಮನ ಎರಡೂ ಕೈಗೆ, ಎದೆಗೆ ಪಟ್ಟಿ ಕಟ್ಟಿದ್ದರು. ಮಾರೆಮ್ಮ ಪಕ್ಕದಲ್ಲೇ ನಿಂತಿದ್ದರು. ಹನುಮೇಶ ಅವರು ಬಾಗಿಲ ಬಳಿ ಇದ್ದರು. ಯಂಕಮ್ಮ ಕಣ್ಣು ತೆರೆದು ನನ್ನನ್ನು ನೋಡಿ, "ಅಕ್ಕಾರ, ನಿಮ್ಮ ಮಗನ ಹೆಸರೇನ್ರೀ?" ಎಂದು ಕೇಳಿದರು. ಮಾರೆಮ್ಮನೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ನಾನು, ಪ್ರಾಣೇಶ ಎಂದೆ.

ಸುಳ್ಳು ಕಥೆ ಹಬ್ಬಿಸಿದವಳು ನಾನೇ ಎಂದು ಹನುಮೇಶ ಅವರು ಕೊಟ್ಟಿರುವ ದೂರಿಗೆ ಈ ಮಾತೇ ಆಧಾರ. ಹೇಳಿದ್ದು ಹೌದು, ಅಲ್ಲಗಳೆಯುವುದಿಲ್ಲ. ಆ ಹೆಸರು ನಾನು ಅಲ್ಲಿ ನಿಂತು ಹುಟ್ಟಿಸಿದ್ದಲ್ಲ. ಮದುವೆಯಾದ ವರ್ಷವೇ ನಾನೂ ನನ್ನ ಗಂಡನೂ ಆರಿಸಿಟ್ಟಿದ್ದೆವು.

ಇದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಬರೆದಿದೆ. ಆ ಒಂದು ಹೆಸರು ಬಿಟ್ಟು ಉಳಿದದ್ದೆಲ್ಲ ನಿಜ.

ಸ್ಥಳ: ರಾಯಚೂರು
ದಿನಾಂಕ: 11-02-2025
ಸಹಿ: ಪೂರ್ಣಶ್ರೀ