ಚಿತ್ರ ಇಲ್ಲದ ಬಟನ್

ಸದ್ದು ಮಾಡಬೇಡಿ... ಒಳಗೆ ದೊಡ್ಡೋರು ಮಲಗಿದ್ದಾರೆ. ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೋ, ಅಲ್ಲಿಗೇ ನಿಲ್ಲಿಸಿ ಎದ್ದು ಹೋಗ್ತೀನಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮನೇಲೇ ಆಗಿದ್ದು.

ದೊಡ್ಡಮ್ಮನ ಮಗಳನ್ನ ನಾವೆಲ್ಲ ಗುಬ್ಬಿ ಅಂತೀವಿ. ಸಾಫ್ಟ್‌ವೇರ್ ಬರೆಯೋ ಕೆಲಸ ಅವಳದು. ಆ ರಾತ್ರಿ ಆಫೀಸಿಂದ ಒಬ್ಬಳೇ ನಡ್ಕೊಂಡು ಬರ್ತಿದ್ಳು. ಬೀದಿ ನಿರ್ಮಾನುಷ. ಅಂಗಡಿ ಬಾಗಿಲೆಲ್ಲ ಎಳೆದಾಗಿತ್ತು. ಬೆನ್ನ ಮೇಲೆ ಹೊಸ ಲ್ಯಾಪ್‌ಟಾಪು. ಮುಂದಿನ ತಿರುವಿನಲ್ಲಿ ಹಾಳು ಬಾವಿ, ಅದನ್ನ ದಾಟಿದ್ರೆ ಮನೆ. ಆದ್ರೆ ಮನೆ ಕಡೆ ಕಾಲೇ ಏಳ್ತಿರಲಿಲ್ಲ ಅವಳಿಗೆ. ಯಾಕೆ ಅಂದ್ರೆ... ಅಮ್ಮನ ಮಾತನ್ನ ಅವಳು ಕಳೆದು ಬಂದಿದ್ಳು.

ಅರ್ಥ ಆಗಲಿಲ್ಲ ಅಲ್ವಾ? ತಾಳಿ.

ದೊಡ್ಡಮ್ಮನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಗಿತ್ತು. ಕಿವಿ ಚುರುಕು, ಬುದ್ಧಿ ಚುರುಕು, ಎಡಗೈ ಆಡುತ್ತೆ. ನಾಲಿಗೆ ಮಾತ್ರ ತಿರುಗಲ್ಲ. ಹೇಗೆ ಮಾತಾಡ್ತಿದ್ದ ಹೆಂಗಸು ಕಣ್ರೋ! ಬೀದಿಯ ಆ ತುದಿಗೆ ನಗು ಕೇಳಿಸ್ತಿತ್ತು. ಅವರು ಬಾಯಿ ತೆರೆದು ತೆರೆದು ಮುಚ್ಚೋದನ್ನ ನೋಡೋಕಾಗದೆ, ಗುಬ್ಬಿಯ ಅಣ್ಣ ಒಂದು ಆ್ಯಪ್ ಮಾಡಿದ. ಅವನೂ ಅದೇ ಕಸುಬಿನವನು. ಕಂಪ್ಯೂಟರ್ ತೆರೆ ತುಂಬ ದೊಡ್ಡ ದೊಡ್ಡ ಬಟನ್, ಒಂದೊಂದರ ಮೇಲೂ ಒಂದು ಚಿತ್ರ. ಲೋಟ ಮುಟ್ಟಿದ್ರೆ, "ಸ್ವಲ್ಪ ನೀರು ಕೊಡಿ." ಫ್ಯಾನ್ ಮುಟ್ಟಿದ್ರೆ, "ಸೆಕೆ ಆಗ್ತಿದೆ." ಎಲ್ಲಾ ಅಣ್ಣನದೇ ದನಿ. ಕೂತು ಕೂತು ಅವನೇ ರೆಕಾರ್ಡ್ ಮಾಡಿದ್ದ.

"ಅಮ್ಮಾ, ಇನ್ಮೇಲೆ ನೀನು ಗಂಡು ದನೀಲಿ ಗದರಿಸ್ಬಹುದು ನೋಡು" ಅಂತ ರೇಗಿಸ್ತಿದ್ದ.

ಆಮೇಲೆ ಅವನೇ ಹೋಗಿಬಿಟ್ಟ. ಶ್ವಾಸಕೋಶದ ಸೋಂಕು, ಆಸ್ಪತ್ರೆ, ಬಾಯೊಳಗೆ ಕೊಳವೆ. ಕೊನೆಯ ದಿನ ದೊಡ್ಡಮ್ಮನನ್ನ ಗಾಲಿಕುರ್ಚಿಯಲ್ಲಿ ಅವನ ಹಾಸಿಗೆ ಹತ್ತಿರ ಕರ್ಕೊಂಡು ಹೋದ್ರು. ಅವನಿಗೂ ಮಾತಿಲ್ಲ, ಅವರಿಗೂ ಮಾತಿಲ್ಲ. ಅಮ್ಮನ ಮುಖ ನೋಡ್ತಾ ಏನೋ ಹೇಳೋಕೆ ಒದ್ದಾಡಿದ... ಕೊಳವೆ ಪಕ್ಕದಲ್ಲಿ ತುಟಿ ಅಲುಗಿತು... ಅಷ್ಟೇ. ಏನು ಹೇಳೋಕೆ ಹೊರಟಿದ್ದನೋ, ಯಾರಿಗೂ ಗೊತ್ತಾಗಲಿಲ್ಲ.

ಅಲ್ಲಿಂದ ಮೇಲೆ ದೊಡ್ಡಮ್ಮ ಬಾಯಾರಿಕೆ ಇರ್ಲಿ ಬಿಡ್ಲಿ, ಲೋಟದ ಚಿತ್ರ ಒತ್ತುತ್ತಾ ಕೂರೋರು. "ಸ್ವಲ್ಪ ನೀರು ಕೊಡಿ... ಸ್ವಲ್ಪ ನೀರು ಕೊಡಿ..." ಗುಬ್ಬಿ ನೀರು ಹಿಡ್ಕೊಂಡು ಬಂದು, ಬಾಗಿಲಲ್ಲೇ ನಿಂತು ಅಳೋಳು. ಆ ಮನೇಲಿ ಅವನು ಉಳಿದಿದ್ದು ಅಷ್ಟರಲ್ಲೇ. ಅವನ ಫೋನು ಆಸ್ಪತ್ರೆಯ ಗಡಿಬಿಡಿಯಲ್ಲಿ ಕಳೆದೇ ಹೋಗಿತ್ತು.

ಆ ಹಳೇ ಕಂಪ್ಯೂಟರೋ, ಕೊನೆಯುಸಿರು ಎಳೀತಿತ್ತು. ಗರ್ರ್ ಅನ್ನೋದು, ನಿಲ್ಲೋದು. ಗುಬ್ಬಿ ಹೊಸ ಲ್ಯಾಪ್‌ಟಾಪ್ ತಂದು, ಅಣ್ಣ ಬರೆದಿದ್ದನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕ್ಕೊಂಡ್ಳು. ಒಂದು ಫೋಲ್ಡರ್ ಬಿಟ್ಟು.

ಇಲ್ಲೇ ನೋಡಿ ಎಡವಟ್ಟಾಗಿದ್ದು. ಆ್ಯಪನ್ನ ಅಣ್ಣ ಕಟ್ಟಿದ್ದು ಎಲೆಕ್ಟ್ರಾನ್ ಅನ್ನೋ ಸಿದ್ಧ ಚೌಕಟ್ಟಿನ ಮೇಲೆ. ಅದನ್ನ ಯಾರೂ ಕೂತು ಬರೆಯಲ್ಲ. ಎನ್‌ಪಿಎಂ ಅಂತ ತರಿಸಿಕೊಡೋ ಸಾಧನ ಒಂದಿದೆ, ಅದಕ್ಕೆ ಒಂದು ಸಾಲು ಅಪ್ಪಣೆ ಕೊಟ್ರೆ ಆಯ್ತು. ಚೌಕಟ್ಟೂ ಅದರ ಬಾಲಂಗೋಚಿಗಳೂ ಇಂಟರ್ನೆಟ್ಟಿಂದ ಇಳಿದು ಬಂದು ಒಂದೇ ಫೋಲ್ಡರಲ್ಲಿ ತುಂಬ್ಕೊಳ್ತವೆ. ನೋಡ್ ಮಾಡ್ಯೂಲ್ಸ್ ಅಂತಾರೆ ಅದಕ್ಕೆ. ಭಾರೀ ಗಾತ್ರ. ಆ ಕಸುಬಿನವರು ಯಾರೂ ಅದನ್ನ ಹೊತ್ತು ತಿರುಗಲ್ಲ, ಬೇಕಾದಾಗ ಮತ್ತೆ ಇಳಿಸ್ಕೊಳ್ತಾರೆ. ಏನಾದ್ರೂ ಕೆಟ್ಟರೆ ಮೊದಲು ಅಳಿಸೋದೂ ಅದನ್ನೇ. ಗುಬ್ಬಿನೂ ಅಭ್ಯಾಸಬಲದಿಂದ ಬಿಟ್ಳು. ಪೆನ್‌ಡ್ರೈವ್ ಕಿತ್ತ ಸ್ವಲ್ಪ ಹೊತ್ತಿಗೆ ಹಳೇ ಕಂಪ್ಯೂಟರ್ ಟಪ್ ಅಂತು. ರಿಪೇರಿಯವನು ಬಂದು, "ಡಿಸ್ಕೇ ಹೋಗಿದೆ ಮೇಡಂ, ಒಳಗಿರೋದು ಒಂದೂ ಸಿಗಲ್ಲ" ಅಂದ. ಇವಳು ಅವನಿಗೇ ಸಮಾಧಾನ ಹೇಳಿದ್ಳು, "ಪರವಾಗಿಲ್ಲ, ನನ್ನ ಹತ್ರ ಎಲ್ಲಾ ಇದೆ."

"ನಾಳೆ ಬೆಳಿಗ್ಗೆ ಅಣ್ಣ ಮಾತಾಡ್ತಾನಮ್ಮಾ" ಅಂತ ದೊಡ್ಡಮ್ಮನಿಗೆ ಮಾತು ಕೊಟ್ಟು ಹೋದ್ಳು. ಮನೆಯ ನೆಟ್ಟು ಬಸವನಹುಳು, ಅದಕ್ಕೆ ಎಲ್ಲರೂ ಹೋದ ಮೇಲೆ ಆಫೀಸಲ್ಲೇ ಕೂತು ಎನ್‌ಪಿಎಂಗೆ ಅಪ್ಪಣೆ ಕೊಟ್ಳು. ಅರ್ಧ ಇಳಿದು ಕಡಿದುಹೋಯ್ತು. ಎಲೆಕ್ಟ್ರಾನ್ ಸರಿಯಾಗಿ ಕೂತಿಲ್ಲ, ಅಳಿಸಿ ಮತ್ತೆ ಹಾಕು ಅಂತ ತೆರೆ ಮೇಲೆ ಬಂತು. ಅಳಿಸಿದ್ಳು, ಮತ್ತೆ ಹಾಕಿದ್ಳು. ಕೊನೆಗೆ ಕೂತ್ಕೊಳ್ತು. ಆ್ಯಪ್ ತೆರ್ಕೊಳ್ತು. ಲೋಟ ಇದೆ, ಫ್ಯಾನ್ ಇದೆ. ಒತ್ತಿದ್ಳು... ಕ್ಲಿಕ್. ದನಿ ಇಲ್ಲ.

ಮತ್ತೆ ಒತ್ತಿದ್ಳು. ಕ್ಲಿಕ್.

ಅಣ್ಣನ ಕೋಡ್ ಬಗೆದು ನೋಡಿದಾಗ ಗೊತ್ತಾಯ್ತು. ಆ ಮಹಾರಾಯ ಅವಸರದಲ್ಲಿ ತನ್ನ ದನಿಯನ್ನೆಲ್ಲ ಆ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಒಳಗೇ ಇಟ್ಟಿದ್ದ! ಅಲ್ಲಿ ಯಾರೂ ಏನೂ ಇಡಲ್ಲ, ಇಡಬಾರದು. ಅವನಿಗೂ ಗೊತ್ತಿತ್ತು. ಆಮೇಲೆ ಬೇರೆ ಕಡೆ ಹಾಕೋಣ ಅಂದ್ಕೊಂಡಿದ್ದನೇನೋ, ಪಾಪ. ಆಮೇಲೆ ಅನ್ನೋದು ಅವನ ಪಾಲಿಗೆ ಬರಲೇ ಇಲ್ಲ.

ಅಮ್ಮನಿಗೆ ಏನಂತ ಹೇಳೋದು? ಅದೊಂದೇ ತಲೇಲಿ ಕೊರೀತಿರೋವಾಗಲೇ ಗುಬ್ಬಿ ಬಾವಿ ಹತ್ತಿರ ಬಂದ್ಳು. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಮುಚ್ಚಿದೆ. ರಾಟೆ ತುಕ್ಕು ಹಿಡಿದು ಅಂಟಿಕೊಂಡು ಎಷ್ಟೋ ಕಾಲ ಆಗಿದೆ. ಹಗ್ಗ ಇಲ್ಲ.

ಕಿರ್ರ್... ಕಿರ್ರ್...

ರಾಟೆ ತಿರುಗ್ತಿತ್ತು. ಗಾಳಿ ಇಲ್ಲ. ಒಂದು ಎಲೆಯೂ ಅಲುಗ್ತಿಲ್ಲ. ಗುಬ್ಬಿ ಅಲ್ಲೇ ನಿಂತ್ಳು. ಆಮೇಲೆ ಒಳಗಿಂದ, ಬಹಳ ಆಳದಿಂದ, ಯಾರೋ ಗಂಟಲು ಸರಿಮಾಡ್ಕೊಂಡ ಸದ್ದು... ಕ್ಹೂಂ... ಕ್ಹೂಂ. ರೆಕಾರ್ಡ್ ಒತ್ತೋ ಮುಂಚೆ ಅಣ್ಣ ಹಾಗೇ ಮಾಡ್ತಿದ್ದ.

"...ಅಣ್ಣಾ?"

"ಹ್ಞೂಂ."

"ಎಲ್ಲಾ ಕಳೆದುಬಿಟ್ಟೆ ಕಣೋ..."

"ನೀರು, ಸೆಕೆ... ಅವನ್ನೆಲ್ಲ ನೀನೇ ಹೇಳೇ."

"ಮತ್ತೆ ನೀನು?"

ರಾಟೆ ನಿಂತಿತು.

"ನಂದು ಬೇರೆ ಮಾತು ಬಾಕಿ ಇದೆ... ಇನ್ನೊಂದ್ಸಲ ಹಾಕು."

ಅಷ್ಟೇ. ಆಮೇಲೆ ಎಷ್ಟು ಕರೆದ್ರೂ ಇಲ್ಲ. ಹೆದರಿಕೆ ಎಲ್ಲಿ ಹೋಯ್ತೋ, ಜಾಲರಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳಂತೆ.

ಮನೆಗೆ ಬಂದ್ರೆ ದೊಡ್ಡಮ್ಮ ಮಲಗಿರಲಿಲ್ಲ. ಕಣ್ಣಲ್ಲೇ ಕೇಳಿದ್ರು. ಗುಬ್ಬಿ ಅವರ ಕಾಲ ಹತ್ತಿರ ಕೂತು, "ಅಮ್ಮಾ, ಅಣ್ಣನ ದನಿ ಹೋಯ್ತಮ್ಮಾ... ನನ್ನ ಕೈಯಾರೆ" ಅಂದ್ಳು. ದೊಡ್ಡಮ್ಮನ ಅಳುವಿಗೆ ಸದ್ದಿಲ್ಲ, ಬರೀ ಭುಜ ಅಲುಗುತ್ತೆ. ಬಹಳ ಹೊತ್ತು ಅಲುಗಿತು. ಆಮೇಲೆ ಎಡಗೈ ಎತ್ತಿ ಮಗಳ ತಲೆ ಸವರಿದ್ರು.

ಗುಬ್ಬಿ ಅಲ್ಲೇ ಕೂತು, ಒಂದೊಂದೇ ಮಾತನ್ನ ತನ್ನ ದನಿಯಲ್ಲಿ ತುಂಬಿದ್ಳು. ನೀರು. ಸೆಕೆ. ಬೆನ್ನುನೋವು. ಕೆಲವು ಮಾತನ್ನ ಮತ್ತೆ ಮತ್ತೆ ಹೇಳಬೇಕಾಯ್ತು. ಈ ಸಲ ಇಟ್ಟಿದ್ದು ಬೇರೆ ಫೋಲ್ಡರಲ್ಲಿ. ಕೊನೆಗೆ ಕಣ್ಣೊರೆಸ್ಕೊಂಡು, ಅಣ್ಣ ಹೇಳಿದ ಹಾಗೆ ಎನ್‌ಪಿಎಂಗೆ ಇನ್ನೊಂದ್ಸಲ ಅಪ್ಪಣೆ ಕೊಟ್ಳು. ಮನೆಯ ಆ ಬಸವನಹುಳು ನೆಟ್ಟಲ್ಲಿ... ಒಂದೇ ಉಸಿರಿಗೆ ಇಳೀತು.

ಆ್ಯಪ್ ತೆರೆದ್ರೆ, ಕೆಳಗಿನ ಮೂಲೆಯಲ್ಲಿ ಒಂದು ಬಟನ್ ಹೆಚ್ಚಿತ್ತು. ಚಿತ್ರ ಇಲ್ಲ. ಬರೀ ಬಿಳಿ. ಅಣ್ಣ ಬರೆದಿದ್ದಲ್ಲ, ಇವಳು ಬರೆದಿದ್ದಲ್ಲ. ಕೋಡಲ್ಲಿ ಎಷ್ಟು ತಡಕಿದ್ರೂ ಅದರ ಸುಳಿವಿಲ್ಲ. ಗುಬ್ಬಿ ಒತ್ತಿ ನೋಡಿದ್ಳು. ಕ್ಲಿಕ್. ಅಷ್ಟೇ. ದೊಡ್ಡಮ್ಮ ಒತ್ತಿದ್ರು. ಕ್ಲಿಕ್... ಥಟ್ಟನೆ ಕೈ ಎತ್ತಿ, ಸುಮ್ಮನಿರು ಅಂತ ಮಗಳಿಗೆ ಸನ್ನೆ ಮಾಡಿದ್ರು. ಕಿವಿ ತೆರೆಗೆ ತಾಗಿಸಿ ಕೂತ್ರು. ಗುಬ್ಬಿಗೆ ಗಡಿಯಾರದ ಟಿಕ್ ಟಿಕ್ ಬಿಟ್ರೆ ಏನೂ ಕೇಳಿಸಲಿಲ್ಲ.

ಭ್ರಮೆ ಅಂತೀರಾ? ನಾನೂ ಹಾಗೇ ಅಂದು ಗುಬ್ಬಿ ಹತ್ರ ಬೈಸ್ಕೊಂಡೆ. ಮೊನ್ನೆ ಹೋದಾಗ ನೋಡಿಯೇ ಬಿಡೋಣ ಅಂತ ದೊಡ್ಡಮ್ಮನ ಪಕ್ಕಕ್ಕೇ ಕುರ್ಚಿ ಎಳ್ಕೊಂಡು ಕೂತೆ. ಗುಬ್ಬಿ ಬಟ್ಟೆ ಮಡಚ್ತಿದ್ಳು. ಯಾರೂ ಮಾತಾಡ್ತಿರಲಿಲ್ಲ. ದೊಡ್ಡಮ್ಮ ಆ ಬಿಳಿ ಬಟನ್ ಒತ್ತಿದ್ರು. ಕ್ಲಿಕ್. ಕಿವಿಗೊಟ್ಟು ಕೂತ್ರು... ಮುಖ ಅರಳ್ತು. ಕಣ್ಣು ತುಂಬ್ಕೊಳ್ತು. ಆಮೇಲೆ ಎಡಗೈ ಚಾಚಿ, ತಟ್ಟೆಯ ಚಿತ್ರದ ಬಟನ್ ಒತ್ತಿದ್ರು.

ಗುಬ್ಬಿಯ ದನಿ ಬಂತು.

"ಊಟ ಆಯ್ತು."

ಊಟ ಆಯ್ತಾ ಅಂತ ನಾನು ಕೇಳಿರಲಿಲ್ಲ. ಗುಬ್ಬಿನೂ ಕೇಳಿರಲಿಲ್ಲ. ಯಾರಾಣೆ ಬೇಕಾದ್ರೂ ಇಟ್ಟು ಹೇಳ್ತೀನಿ... ಆ ಕೋಣೇಲಿ ಬೇರೆ ಯಾರೂ ಇರಲಿಲ್ಲ.