ತಟ್ಟದೆ ತೆರೆದ ಬಾಗಿಲು

ಪಡೀಲಿನಲ್ಲಿ ಬಸ್ಸಿಳಿದು ನಮ್ಮ ಮನೆಗೆ ಹೋಗುವ ದಾರಿಯಲ್ಲಿ ಒಂದು ಬಾವಿ ಉಂಟು. ಕಾಂಕ್ರೀಟ್ ಚಪ್ಪಡಿ ಹಾಕಿ ಮುಚ್ಚಿ ಹತ್ತು ವರ್ಷ ಆಯಿತು. ರಾಟೆ ಇಲ್ಲ, ಹಗ್ಗ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ...

ಕಳೆದ ಆಟಿ ತಿಂಗಳು, ಜೋರು ಮಳೆಗಾಲ. ಭಜನೆ ಮುಗಿಸಿ ಕೊನೆಯ ಬಸ್ಸಿಗೆ ಬಂದೆ. ಮಾವನ ಮಗ ಮೋಕ್ಷಿತ್ ಪಂಪ್‌ವೆಲ್‌ನಲ್ಲಿ ಹತ್ತಿದ. ದೇವರ ಹೆಸರು ಕೇಳಿದರೆ ಆಕಳಿಸುವ ಜನ ಅವ. ದೇವರು ಅವನಿಗೂ ಒಳ್ಳೆಯದು ಮಾಡಲಿ. ಬುದ್ಧಿ ಹಂಚುವಾಗ ಮಾತ್ರ ಆ ದೇವರೇ ಅವಸರದಲ್ಲಿದ್ದ ಅಂತ ಕಾಣ್ತದೆ.

ಅವನದ್ದೊಂದು ಕಂಪ್ಯೂಟರ್ ಆಟ. ಎಲ್ಲೋ ಮುಂಬೈಯಲ್ಲಿರುವ ಮಿಷಿನ್ ಬಾಡಿಗೆಗೆ ಹಿಡಿದು ಅದರಲ್ಲಿ ಸರ್ವರ್ ನಡೆಸುತ್ತಾನೆ. ನಲವತ್ತು ಜನ ತಮ್ಮ ತಮ್ಮ ಮನೆಯಲ್ಲೇ ಕೂತು, ಅದರೊಳಗೆ ಸೇರಿ, ಕಲ್ಲು ಮರ ಜೋಡಿಸಿ ಊರು ಕಟ್ಟುತ್ತಾರೆ. ಪಕ್ಕದ ಮನೆಯ ಬಾಗಿ ಅಕ್ಕನ ಮಗಳು ತೃಷಾ ಅಲ್ಲೊಂದು ಹಂಚಿನ ಮನೆ ಕಟ್ಟಿದ್ದಳು. ನೀಲಿ ಬಾಗಿಲು, ಎದುರಿಗೆ ಬಾವಿ. ಮಾರ್ಚ್‌ನಲ್ಲಿ ಜ್ವರ ಬಂದು ಹುಡುಗಿ ತೀರಿಕೊಂಡಳು. ಮನೆ ಉಳಿಯಿತು.

ನಾವು ಬಸ್ಸಿನಲ್ಲಿ ಬಂದ ಆ ರಾತ್ರಿಯ ಮರುದಿನವೇ, ಆಟಿಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ದಿನ. ಬಾಗಿ ಅಕ್ಕ ಮೋಕ್ಷಿತ್‌ನಲ್ಲಿ ಮೊದಲೇ ಕೇಳಿದ್ದು ಇಷ್ಟೇ: "ಅವಳು ಕಟ್ಟಿದ ಮನೆಯ ಎದುರು ಒಂದು ಎಲೆ ಹಾಕ್ತೇನೆ ಮಗಾ. ಆ ಮನೆ ಹಾಗೇ ಇರಲಿ."

ಬಸ್ಸಿಳಿದು ಬರುವಾಗ, ದಾರಿಯ ಆ ಮುಚ್ಚಿದ ಬಾವಿಯ ಹತ್ತಿರ ಮೋಕ್ಷಿತ್ ನಿಂತು ಮೊಬೈಲ್ ಒತ್ತತೊಡಗಿದ.

"ಎಂತ ಮಾಡ್ತಿದ್ದಿ?"

"ಹಳೇ ಮಿಷಿನ್ ಡಿಲೀಟ್. ಹೊಸದು ಹಿಡಿದಿದ್ದೇನೆ. ಆಟದ ಊರೂ ಹೊಸದು."

"ತೃಷಾಳ ಮನೆ?"

"ಸತ್ತವಳು ಲಾಗಿನ್ ಆಗ್ತಾಳಾ ಮಾರಾಯ?"

"ಬ್ಯಾಕಪ್ ಆದ್ರೂ..."

"ಅದಕ್ಕೊಂದು ಬ್ಯಾಕಪ್ಪು! ಆ ಹೆಂಗಸಿಗೆ ಯಾವ ಮನೆ ತೋರಿಸಿದ್ರೂ ಒಂದೇ."

ಒತ್ತಿದ. ಆಗ...

ಕಿರ್ರ್... ಕಿರ್ರ್... ರಾಟೆ ತಿರುಗುವ ಸದ್ದು. ಆಮೇಲೆ ನೀರಿಗೆ ಕೊಡ ಮುಳುಗಿದ ಹಾಗೆ... ಗುಳುಂ.

"ಕೇಳಿತಾ?" ಪಿಸುಗುಟ್ಟಿದೆ.

"ಕಪ್ಪೆ."

ಗೋವಿಂದಾ ಅಂದುಕೊಂಡೆ. ಕೊಡ ಇಳಿಸುವ ಕಪ್ಪೆಯನ್ನು ನಾನಂತೂ ಕಂಡವನಲ್ಲ.

ಮರುದಿನ ರಾತ್ರಿ ಬಾಗಿ ಅಕ್ಕ ಕೋರಿರೊಟ್ಟಿ, ಅಂದರೆ ಕೋಳಿ ಸಾರು, ಗರಿಗರಿ ಒಣ ರೊಟ್ಟಿ, ಮಾಡಿ ಮೋಕ್ಷಿತ್‌ನ ಕೋಣೆಗೆ ತಂದರು. ತೃಷಾಳಿಗೆ ಇಷ್ಟದ್ದು. ಮೋಕ್ಷಿತ್ ಸ್ಕ್ರೀನಿನಲ್ಲಿ ಬರೇ ಹುಲ್ಲು, ಗುಡ್ಡ ತೋರಿಸಿ, "ಮನೆ ಆ ಗುಡ್ಡದ ಹಿಂದೆ ಉಂಟು ಅಕ್ಕ" ಎಂದ. ನಗು ತಡೆಯಲು ಕೆಮ್ಮಿದ. ಪಾಪ, ಅವರು ಆ ಗುಡ್ಡಕ್ಕೇ ಕೈಮುಗಿದು, ಕಂಪ್ಯೂಟರಿನ ಎದುರು ಎಲೆ ಹಾಕಿ ಬಡಿಸಿದರು.

ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದೆವು. ಕ್ರಮ ಹಾಗೆ. ಉಂಡು ಮುಗಿಯುವಷ್ಟು ಹೊತ್ತು ಕಾಯಬೇಕು. ಆಮೇಲೆ ಕೆಮ್ಮಿ, ಮೂರು ಸಲ ತಟ್ಟಿ ತೆರೆಯಬೇಕು. ಬಂದವರಿಗೆ ಎದ್ದು ಹೋಗಲು ಸಮಯ ಬೇಡವೇ?

ಒಳಗೆ... ಕಟಕ್. ರೊಟ್ಟಿ ಮುರಿದ ಸದ್ದು.

"ಇಲಿ ಬಂತು. ಸಾಕು ಈ ನಾಟಕ!" ಮೋಕ್ಷಿತ್ ತಟ್ಟಲಿಲ್ಲ. ಬಾಗಿಲನ್ನು ದಡಕ್ಕನೆ ದೂಡಿದ.

ರೊಟ್ಟಿ ಅರ್ಧ ಉಳಿದಿತ್ತು. ಅವನ ಕುರ್ಚಿ... ಮೆಲ್ಲಗೆ ತಿರುಗುತ್ತಾ ಇತ್ತು. ಸ್ಕ್ರೀನಿನಲ್ಲಿ ಹಂಚಿನ ಮನೆ. ಬಾವಿ. ನೀಲಿ ಬಾಗಿಲು ತೆರೆದಿತ್ತು.

ಬಾಗಿ ಅಕ್ಕ ಅಳಲಿಲ್ಲ. "ಊಟದ ಮಧ್ಯದಲ್ಲಿ ಎಬ್ಬಿಸಿದಿಯಲ್ಲ ಮಗಾ..." ಅಂದರು ಅಷ್ಟೇ.

ಆ ಹೊಸ ಸರ್ವರನ್ನು ಅವ ಇವತ್ತಿನವರೆಗೂ ಅಳಿಸಿಲ್ಲ. ಬಾಗಿ ಅಕ್ಕ ಸಂಜೆ ಬಂದು ಮಗಳ ಮನೆ ನೋಡಿ ಹೋಗುತ್ತಾರೆ. ಕಂಪ್ಯೂಟರ್ ಕಲಿತ ಮಹಾಪಂಡಿತ ಎದ್ದು ನಿಂತು ಜಾಗ ಬಿಡುತ್ತಾನೆ.

ದಿನಾ ದೇವರಿಗೆ ದೀಪ ಇಡುವ ಕೈ ಇದು, ಸುಳ್ಳು ಹೇಳುವುದಿಲ್ಲ. ಮೋಕ್ಷಿತ್ ಈಗ ತನ್ನದೇ ಕೋಣೆಯ ಹೊರಗೆ ನಿಂತು ಕೆಮ್ಮುತ್ತಾನೆ. ಟಕ್... ಟಕ್... ಟಕ್... ಒಳಗೆ ಕುರ್ಚಿ ಸರಿದ ಸದ್ದು ಕೇಳಿದ ಮೇಲೆಯೇ ಬಾಗಿಲು ತೆರೆಯುತ್ತಾನೆ. ಪಕ್ಕದಲ್ಲಿ ನಿಂತು ನಾನೇ ಕೇಳಿದ್ದೇನೆ.