ಬಾರದಾನ ಸಮೇತ

ಈ ಸಂಜೆಯ ಅಧ್ಯಕ್ಷರೂ, ನಮ್ಮಲ್ಲಿ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರೂ ಆದ ಜಂಬಣ್ಣ ಮೇಷ್ಟ್ರೇ, ಮುಖ್ಯ ಅತಿಥಿಗಳಾಗಿ ದಾವಣಗೆರೆಯಿಂದ ಬಂದು, ನನ್ನ ಪಕ್ಕದಲ್ಲೇ ಕೂತು, ಆಗಿನಿಂದ ನನ್ನ ಹೊಟ್ಟೆಯ ಕಡೆ ನೋಡದಿರಲು ಸೌಜನ್ಯದಿಂದ ಪ್ರಯತ್ನಿಸುತ್ತಿರುವ ಡಾಕ್ಟರೇ, ಕೊಟ್ಟೂರು ನಸುಕಿನ ನಡಿಗೆ ಬಳಗದ ಕಾರ್ಯದರ್ಶಿಯೂ ನನ್ನ ಗೆಳೆಯನೂ ಆದ ಮುನಾವರ, ತಾಯಂದಿರೇ, ಬಳಗದ ಬಂಧುಗಳೇ, ಊಟಕ್ಕೆ ಇನ್ನೂ ಹೊತ್ತಿದೆ ಎಂದು ಗೊತ್ತಿದ್ದೂ ಮುಂಚೆಯೇ ಬಂದು ಕೂತಿರುವ ಸಭಿಕರೇ,

ಸನ್ಮಾನಕ್ಕೆ ಉತ್ತರವಾಗಿ ಹತ್ತು ನಿಮಿಷ ಮಾತನಾಡಬೇಕು, ತೂಕ ಇಳಿಸಿದ ಬಗೆಯನ್ನು ಹೇಳಬೇಕು ಎಂದು ನನಗೆ ಅಪ್ಪಣೆಯಾಗಿದೆ. ನಾನು ಭಾಷಣಕಾರನಲ್ಲ. ಮಾರುಕಟ್ಟೆಯಲ್ಲಿ ದಲ್ಲಾಲಿ ಅಂಗಡಿ ಇಟ್ಟವನು. ರೈತರು ತಂದ ಶೇಂಗಾ, ಮೆಕ್ಕೆಜೋಳ, ಹುಣಸೆಹಣ್ಣು ತೂಗಿಸಿ ಮಾರಿಸುವುದು ನನ್ನ ಕಸುಬು. ಬೇರೆಯವರ ಚೀಲಗಳ ತೂಕ ನೋಡುತ್ತಲೇ ತಲೆ ನರೆತವನು ತನ್ನ ತೂಕವನ್ನು ಹೇಗೆ ನೋಡಿಕೊಳ್ಳುತ್ತಾನೆ? ಈ ಪ್ರಶ್ನೆ ನನಗೆ ಈಚೆಗೆ ಹುಟ್ಟಿದ್ದು. ಇವತ್ತು ಅದನ್ನು ನಿಮ್ಮೆದುರು ಸ್ವಲ್ಪ ತಿರುಗಿಸಿ ನೋಡೋಣ ಎಂದುಕೊಂಡಿದ್ದೇನೆ.

ವೇದಿಕೆಯ ಎಡಕ್ಕೆ ಚೆಂಡುಹೂವು ಸುತ್ತಿಕೊಂಡು ನಿಂತಿರುವ ತಕ್ಕಡಿ ನಿಮಗೆಲ್ಲ ಕಾಣುತ್ತಿದೆ. ಅದು ನನ್ನ ಅಂಗಡಿಯದೇ. ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ಮೂಲೆ ಸೇರಿತ್ತು. ನನ್ನ ಮಾತು ಮುಗಿದ ಮೇಲೆ ಅದರ ಒಂದು ತಟ್ಟೆಯಲ್ಲಿ ನಾನು, ಇನ್ನೊಂದರಲ್ಲಿ ಬೆಲ್ಲ. ತೂಗಿದ ಬೆಲ್ಲ ನಾಳೆ ಮಠದ ದಾಸೋಹಕ್ಕೆ. ಒಮ್ಮೆ ಯೋಚನೆ ಮಾಡಿ. ತೂಕ ಇಳಿಸಿದವನನ್ನು ಗೌರವಿಸಬೇಕು ಎಂದಾಗ ನಮಗೆ ಹೊಳೆದದ್ದು ತುಲಾಭಾರ. ಮನುಷ್ಯ ಭಾರವಾದಷ್ಟೂ ಪುಣ್ಯ ಹೆಚ್ಚುವ ಗೌರವ ಲೋಕದಲ್ಲಿ ಅದೊಂದೇ ಇರಬೇಕು. ನಾನು ನಾಲ್ಕು ವರ್ಷ ನಡೆದು ನಡೆದು ದಾಸೋಹದ ಪಾಯಸಕ್ಕೇ ಕಲ್ಲು ಹಾಕಿದಂತಾಯಿತು. ಇದರಲ್ಲೇನೋ ವಿಚಿತ್ರವಿದೆ ಎಂದು ನಮ್ಮ ಸಮಿತಿಯಲ್ಲಿ ಯಾರಿಗೂ ಅನ್ನಿಸಲಿಲ್ಲ. ನಡಿಗೆ ಮುಗಿಸಿ ಸ್ಟೇಷನ್ ರಸ್ತೆಯಲ್ಲಿ ಮಿರ್ಚಿ ಮಂಡಕ್ಕಿ ತಿನ್ನುವುದರಲ್ಲಿ ವಿಚಿತ್ರವಿದೆ ಎಂದೂ ಯಾರಿಗೂ ಇವತ್ತಿನವರೆಗೆ ಅನ್ನಿಸಿಲ್ಲ. ಡಾಕ್ಟರೇ, ಇದನ್ನು ದಯವಿಟ್ಟು ಕೇಳಿಸಿಕೊಳ್ಳಬೇಡಿ.

ಈಗ ಒಂದು ತೊಂದರೆಯಾಗಿದೆ. ನಾನು ವೇದಿಕೆ ಹತ್ತುವಾಗ ಮುನಾವರ ನನ್ನ ಕಿವಿಯಲ್ಲಿ ಹೆಮ್ಮೆಯಿಂದ ಹೇಳಿದ: “ಸೋಮಣ್ಣ, ನೀ ವಾಟ್ಸಾಪ್ ಗ್ರೂಪಿನಾಗ ಹಾಕಿದ್ದ ತೂಕಕ್ಕ ಸರಿಯಾಗಿ ಬೆಲ್ಲ ತೂಗಿಸಿಟ್ಟೀನಿ. ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಡಿಮಿ ಇಲ್ಲ.” ಆ ಹಳದಿ ಬಟ್ಟೆಯ ಕೆಳಗಿರುವ ಬೆಲ್ಲದ ಪೆಂಟೆಗಳು ಒಟ್ಟು ಎಂಬತ್ತೆರಡು ಕಿಲೋ. ಅಷ್ಟು ಸಾಲುವುದಿಲ್ಲ. ನಾನು ಕೂತರೆ ನನ್ನ ತಟ್ಟೆ ನೆಲ ಬಿಟ್ಟು ಏಳುವುದಿಲ್ಲ.

ನೀವು ನಗುತ್ತಿದ್ದೀರಿ. ಮುಂದಿನ ಸಾಲಿನಲ್ಲಿ, ಕಂಬದ ಪಕ್ಕ ಕೂತಿರುವ ನನ್ನ ಹೆಂಡತಿ ಪುಷ್ಪಲತಾ ನಗುತ್ತಿಲ್ಲ. ನಿಮಗೆ ಇದು ಸನ್ಮಾನ. ಅವಳಿಗೆ ನಾಲ್ಕು ವರ್ಷದಿಂದ ತೀರದೆ ಉಳಿದ ಹರಕೆ. ಏಳದ ತಟ್ಟೆ ನಿಮಗೆ ಒಂದು ವಾರದ ತಮಾಷೆಯಾಗಬಹುದು. ಅವಳಿಗೆ ಅದು ಏನಾಗುತ್ತದೆ ಎಂಬುದನ್ನು ನಾನು ಈ ಕುರ್ಚಿಯಲ್ಲಿ ಕೂತು ಆಗಿನಿಂದ ಯೋಚಿಸುತ್ತಿದ್ದೇನೆ. ಮೇಷ್ಟ್ರ ಅಧ್ಯಕ್ಷ ಭಾಷಣ ದೀರ್ಘವಾಗಿದ್ದುದರಿಂದ ಯೋಚಿಸಲು ಸಾಕಷ್ಟು ಸಮಯ ಸಿಕ್ಕಿತು.

ಬೆಲ್ಲ ಯಾಕೆ ಕಡಿಮೆ ಬಿತ್ತು? ಇದನ್ನು ಹೇಳಲು ಬಾರದಾನದಿಂದ ಶುರು ಮಾಡಬೇಕು. ಮಾರುಕಟ್ಟೆಯವರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಮಾಲು ತುಂಬಿದ ಚೀಲವನ್ನು ತೂಗಿದಾಗ ಖಾಲಿ ಚೀಲದ ತೂಕವನ್ನು ಕಳೆಯುತ್ತೇವೆ. ಆ ಖಾಲಿ ಚೀಲವೇ ಬಾರದಾನ. ಮೆಕ್ಕೆಜೋಳ ಹಸಿ ಇದ್ದರೆ ತೇವಕ್ಕೆ ಇಷ್ಟು ಎಂದು ಕಳೆಯುತ್ತೇವೆ. ಹುಣಸೆಹಣ್ಣಿನಲ್ಲಿ ಬೀಜ, ನಾರು ಇದ್ದರೆ ಅದಕ್ಕೂ ಸ್ವಲ್ಪ. ಹೀಗೆ ಕಳೆದು ಉಳಿದದ್ದೇ ನಿಜವಾದ ಮಾಲು. ಈ ಲೆಕ್ಕ ನನ್ನ ಅಪ್ಪನಿಂದ ನನಗೆ ಬಂತು. ಬಾಯಿಗೆ ಬಂತು, ಆಮೇಲೆ ಕೈಗೆ ಬಂತು, ಕೊನೆಗೆ ಕಣ್ಣಿಗೇ ಬಂದುಬಿಟ್ಟಿತು. ಕಣ್ಣಿಗೆ ಬಂದದ್ದು ನನಗೆ ತಿಳಿಯಲಿಲ್ಲ.

ನಾಲ್ಕು ವರ್ಷದ ಹಿಂದೆ ಎದೆ ಹಿಡಿದುಕೊಂಡು ಕುಸಿದ ನನ್ನನ್ನು ದಾವಣಗೆರೆಯ ಆಸ್ಪತ್ರೆಗೆ ಒಯ್ದರು. ಒಳಗೆ ಒಂದು ಸಣ್ಣ ಸ್ಪ್ರಿಂಗನ್ನು ಇಟ್ಟು ಕಳಿಸಿದವರು ಈ ಡಾಕ್ಟರೇ. ಹೊರಡುವಾಗ ಅವರು ಹೇಳಿದ್ದು ಬಹಳ ಸರಳವಾಗಿತ್ತು. ದಿನಾ ನಡೆಯಿರಿ, ಎಣ್ಣೆ ಉಪ್ಪು ಕಡಿಮೆ ಮಾಡಿ, ಗುಳಿಗೆ ತಪ್ಪಿಸಬೇಡಿ, ತೂಕ ತನ್ನ ಪಾಡಿಗೆ ಸ್ವಲ್ಪ ಇಳಿಯುತ್ತದೆ, ಇಳಿದಷ್ಟು ಲಾಭ. ಇಷ್ಟೇ. ಇಷ್ಟು ಸರಳವಾದ ಮಾತನ್ನು ನಂಬಲು ನನಗೆ ಕಷ್ಟವಾಯಿತು. ವ್ಯಾಪಾರಿಗೆ ಒಂದು ಅಂಕಿ ಬೇಕು. ಅವರು ಕೊಡಲಿಲ್ಲ, ನಾನೇ ಹುಡುಕಿಕೊಂಡೆ.

ಎಲ್ಲಿ ಹುಡುಕಿದೆ? ಪಡಸಾಲೆಯ ಗೋಡೆಯ ಮೇಲೆ. ಅಲ್ಲಿ ನಮ್ಮ ಮದುವೆಯ ಫೋಟೋ ಇದೆ. ಬಾಸಿಂಗ ಕಟ್ಟಿಕೊಂಡ, ಕೆನ್ನೆ ಒಳಗೆ ಹೋದ, ಕತ್ತು ಉದ್ದವಾದ ಒಬ್ಬ ತರುಣ ನಿಂತಿದ್ದಾನೆ. ನಾನು ಮತ್ತೆ ಅವನಾಗಬೇಕು ಎಂದು ತೀರ್ಮಾನಿಸಿದೆ. ಅವನ ತೂಕ ಅರವತ್ತರ ಆಸುಪಾಸು ಇದ್ದಿರಬೇಕು. ಎರಡು ವರ್ಷ ನಾನು ಅವನ ಹಿಂದೆ ಬಿದ್ದೆ. ರಾತ್ರಿ ಊಟ ಬಿಟ್ಟೆ. ಒಂದು ತಿಂಗಳು ಸೌತೆಕಾಯಿಯ ಮೇಲೆ ಬದುಕಿದೆ. ಯಾವುದೋ ವಿಡಿಯೋ ನೋಡಿ ಜೀರಿಗೆ ನೀರು ಕುಡಿದೆ, ಇನ್ನೊಂದು ನೋಡಿ ಬಿಟ್ಟೆ. ಇಳಿಯಿತು, ಏರಿತು. ಮತ್ತೆ ಇಳಿಯಿತು, ಮತ್ತೆ ಏರಿತು. ಒಂದು ದಿನ ಆ ಫೋಟೋದ ಕೆಳಗೆ ನಿಂತು ನಿಟ್ಟುಸಿರು ಬಿಟ್ಟಾಗ ಪುಷ್ಪಲತಾ ಅಕ್ಕಿ ಆರಿಸುತ್ತಾ, ತಲೆ ಎತ್ತದೆಯೇ ಹೇಳಿದಳು.

“ಅದನ್ಯಾಕ ಅಷ್ಟು ನೋಡ್ತೀರಿ? ಅವಾಗ ನೀವು ಟೈಫಾಯಿಡ್ ಆಗಿ ಎದ್ದು ಬಂದಿದ್ರಿ. ಹುಡುಗ ಉಳಿತಾನೋ ಇಲ್ಲೋ ಅಂತ ನಮ್ಮವ್ವ ಚಪ್ಪರದಾಗ ಅತ್ತಿದ್ಲು.”

ನನಗೆ ಇದು ಪೂರ್ತಿ ಮರೆತುಹೋಗಿತ್ತು. ಮನುಷ್ಯ ಎಂಥ ವಿಚಿತ್ರ ಪ್ರಾಣಿ ನೋಡಿ. ಐವತ್ತು ದಾಟಿದವನೊಬ್ಬ ಆರೋಗ್ಯ ಬೇಕು ಎಂದು ಒಬ್ಬ ರೋಗಿಯನ್ನು ಬೆನ್ನಟ್ಟಿ ಹೊರಟಿದ್ದ. ಆದರೂ ನಾನು ಗುರಿಯನ್ನು ಬಿಡಲಿಲ್ಲ, ಎಪ್ಪತ್ತೈದಕ್ಕೆ ಬದಲಾಯಿಸಿಕೊಂಡೆ, ಅಷ್ಟೇ. ಅದೂ ಯಾಕೆ ಎಪ್ಪತ್ತೈದು? ಕೇಳಲು ಚೆನ್ನಾಗಿದೆ ಎಂಬುದರ ಹೊರತು ಬೇರೆ ಕಾರಣ ನನಗೆ ಇವತ್ತಿಗೂ ಸಿಕ್ಕಿಲ್ಲ.

ಆಮೇಲೆ ಈ ಬಳಗ ಸೇರಿದೆ. ಪ್ರತಿ ಭಾನುವಾರ ವಾಟ್ಸಾಪ್ ಗ್ರೂಪಿನಲ್ಲಿ ತೂಕ ಹಾಕುವ ಪದ್ಧತಿ ಶುರುವಾಯಿತು. ಅಲ್ಲಿ ನನ್ನ ಕಸುಬು ಕೆಲಸಕ್ಕೆ ಬಂತು. ಯಂತ್ರದ ಮೇಲೆ ನಿಂತರೆ ಎಂಬತ್ತೊಂಬತ್ತು. ಬನಿಯನ್, ಲುಂಗಿ, ಉಡಿದಾರ, ಲಿಂಗದ ಕರಡಿಗೆ, ಕನ್ನಡಕ, ಇವುಗಳಿಗೆ ಒಂದು ಕಿಲೋ ಕಳೆದೆ. ರಾತ್ರಿ ಕುಡಿದ ನೀರಿಗೆ ತೇವದ ಲೆಕ್ಕದಲ್ಲಿ ಇನ್ನಷ್ಟು. ಹಿಂದಿನ ದಿನ ಹರಪನಹಳ್ಳಿಯ ಬೀಗರ ಮನೆಯಲ್ಲಿ ಊಟವಾಗಿದ್ದರೆ ಅದು ನನ್ನ ಮಾಲಲ್ಲ, ಅವರದು, ಅದನ್ನೂ ಕಳೆದೆ. ಹೀಗೆ ಬಾರದಾನ ಕಳೆದು ನಿವ್ವಳ ತೂಕ ಎಂಬತ್ತೆರಡು. ಸಭಿಕರೇ, ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಒಂದು ಸಲವೂ ನನಗೆ ಅನ್ನಿಸಲಿಲ್ಲ. ಚೀಲವನ್ನು ತೂಗಿದಷ್ಟೇ ಸಹಜವಾಗಿ ಮಾಡಿದೆ. ನೀವು ಚಪ್ಪಾಳೆಯ ಚಿತ್ರಗಳನ್ನು ಕಳಿಸಿದಿರಿ. ಒಬ್ಬರು ಸಿಂಹದ ಚಿತ್ರವನ್ನೂ ಕಳಿಸಿದರು.

ಹೌದು, ನನ್ನ ನಿಜವಾದ ತೂಕ ಎಂಬತ್ತೊಂಬತ್ತು. ಆಸ್ಪತ್ರೆಗೆ ಹೋದಾಗ ತೊಂಬತ್ತೈದಿತ್ತು. ನಾಲ್ಕು ವರ್ಷದಲ್ಲಿ ಉಳಿದ ಇಳಿಕೆ ಇಷ್ಟೇ. ಇಷ್ಟರಲ್ಲಿ ಏನಾಗಿದೆ? ಮನೆಯಿಂದ ಸ್ಟೇಷನ್ನಿಗೆ ನಿಲ್ಲದೆ ಹೋಗಿಬರುತ್ತೇನೆ. ಮೊದಲು ಅಂಗಡಿಯ ಅಟ್ಟ ಹತ್ತಿದರೆ ಮೇಲೆ ಹೋಗಿ ಏನು ತರಲು ಬಂದೆ ಎಂಬುದೇ ಮರೆಯುವಷ್ಟು ಏದುಸಿರು ಬರುತ್ತಿತ್ತು, ಈಗ ಅಂಥದ್ದಿಲ್ಲ. ಡಾಕ್ಟರು ಒಂದು ಗುಳಿಗೆ ನಿಲ್ಲಿಸಿದ್ದಾರೆ. ನಿದ್ದೆ ಬರುತ್ತದೆ. ಇವು ನನ್ನ ಮೈಗೆ ಆಗಿಹೋದ ಒಳ್ಳೆಯ ಸಂಗತಿಗಳು. ಇವುಗಳಲ್ಲಿ ಒಂದನ್ನೂ ನಾನು ಗ್ರೂಪಿನಲ್ಲಿ ಹಾಕಿಲ್ಲ. ಯಾಕೆ ಹಾಕಲಿಲ್ಲ? ಬಹುಶಃ ಅವಕ್ಕೆ ಅಂಕಿ ಇರಲಿಲ್ಲ. ಬಹುಶಃ ಎಪ್ಪತ್ತೈದು ಮುಟ್ಟಿದ ಮೇಲೆಯೇ ನನ್ನ ನಿಜವಾದ ಬದುಕು ಶುರುವಾಗುವುದು, ಅಲ್ಲಿಯವರೆಗಿನದೆಲ್ಲ ಸಿದ್ಧತೆ ಎಂದು ನಾನು ಎಲ್ಲೋ ಒಳಗೆ ನಂಬಿದ್ದೆ. ಹೊಸ ಅಂಗಿ ಹೊಲಿಸಲಿಲ್ಲ, ಆಮೇಲೆ ಅಂದೆ. ತಂಗಿಯ ಮನೆಯ ಗೃಹಪ್ರವೇಶದ ಫೋಟೋಕ್ಕೆ ಹಿಂದೆ ನಿಂತೆ, ಆಮೇಲೆ ಅಂದೆ. ಪುಷ್ಪಲತಾ ಪ್ರತಿ ವರ್ಷ ಶ್ರಾವಣ ಬಂದಾಗ ತುಲಾಭಾರದ ಮಾತು ತೆಗೆಯುತ್ತಿದ್ದಳು. ಜನರ ಎದುರು ತಕ್ಕಡಿಯಲ್ಲಿ ಈ ಮೈಯನ್ನು ಇಟ್ಟು ಕೂರುವುದೇ? ಸ್ವಲ್ಪ ತೆಳ್ಳಗಾಗಲಿ, ಆಮೇಲೆ ಅಂದೆ.

ಇಲ್ಲಿ ಒಂದು ಸಣ್ಣ ವಿಷಯಾಂತರ. ಈ ನಾಲ್ಕು ವರ್ಷದಲ್ಲಿ ನಮ್ಮ ಮನೆಯಲ್ಲಿ ನಿಜಕ್ಕೂ ಸಣ್ಣಗಾದವಳು ಪುಷ್ಪಲತಾ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಸಪ್ಪೆ ಚಹಾ ಕುಡಿಯುತ್ತಿದ್ದಳು. ಯುಗಾದಿಗೆ ಹೋಳಿಗೆ ಮಾಡಿ ಎಲ್ಲರಿಗೂ ಬಡಿಸಿ, ತಾನು ಅನ್ನ ಸಾರು ಉಂಡು ಏಳುತ್ತಿದ್ದಳು. ನಾನು ಎಂಥ ಮನೋಬಲ ಎಂದು ಬೆರಗಾದೆ. ಬೆರಗಾದದ್ದಷ್ಟೇ ಅಲ್ಲ, ಗ್ರೂಪಿನಲ್ಲಿ ಬರೆದೆ. ‘ನನ್ನ ಮನೆಯವರು ನನ್ನ ಜೊತೆ ಡಯಟ್ ಮಾಡುತ್ತಾ ನನಗೆ ಸ್ಫೂರ್ತಿಯಾಗಿದ್ದಾರೆ’ ಎಂದು. ಅದಕ್ಕೂ ಸಿಂಹ ಬಂತು.

ಈ ವರ್ಷ ರಂಜಾನ್ ದಿನ ನಾವಿಬ್ಬರೂ ಮುನಾವರನ ಮನೆಗೆ ಹೋಗಿದ್ದೆವು. ಅವನ ಹೆಂಡತಿ ಶಬ್ನಮ್ ಸುರಕುಂಬಾ ಪಾಯಸದ ಬಟ್ಟಲು ತಂದು ಕೊಟ್ಟರೆ ಪುಷ್ಪಲತಾ ಬೇಡವೆಂದು ಕೈ ಮುಗಿದಳು. ಒಳಗೆ ಅಡುಗೆಮನೆಯಲ್ಲಿ ಇಬ್ಬರೂ ಏನೋ ಮಾತನಾಡಿದರು. ಮಾರನೆಯ ದಿನ ನಡಿಗೆಯಲ್ಲಿ ಮುನಾವರ ಬಹಳ ದೂರ ಸುಮ್ಮನೆ ನಡೆದ. ಅವನು ಗ್ಯಾರೇಜಿನವನು, ಇಂಜಿನ್ ಸದ್ದಿನ ಮಧ್ಯೆ ಬದುಕಿ ಬದುಕಿ ಸುಮ್ಮನಿರುವುದೇ ಅವನಿಗೆ ಗೊತ್ತಿಲ್ಲ. ರೈಲ್ವೆ ಗೇಟಿನ ಹತ್ತಿರ ನಿಂತು ಹೇಳಿದ:

“ಸೋಮಣ್ಣ, ಅಕ್ಕ ಸಿಹಿ ಬಿಟ್ಟಿದ್ದು ಡಯಟ್ಟಿಗಲ್ಲಪ. ಹರಕಿಗಿ. ನಿನ್ನ ತೂಗೋತನಕ ಬಾಯಿಗಿ ಬೆಲ್ಲ ಸಕ್ರಿ ಮುಟ್ಟಿಸಂಗಿಲ್ಲ ಅಂತ ದವಾಖಾನಿ ಬಾಗಲದಾಗ ಅಂದ್ಕೊಂಡಾಳಂತ. ನೀ ಅದಕ್ಕ ಗ್ರೂಪಿನಾಗ ಸ್ಫೂರ್ತಿ ಅಂತಿ.”

ಗೇಟು ಹಾಕಿತ್ತು. ರೈಲು ಹೋದ ಮೇಲೆ ನಾನು ಮಿರ್ಚಿ ಅಂಗಡಿಯ ಕಡೆ ತಿರುಗದೆ ಮನೆಯ ದಾರಿ ಹಿಡಿದೆ.

ಮನೆಗೆ ಬಂದು ಕೇಳಿದೆ, ಯಾಕೆ ಹೇಳಲಿಲ್ಲ ಎಂದು. ಹರಕೆ ಹೊತ್ತವರು ಬಿಟ್ಟದ್ದನ್ನು ಡಂಗುರ ಹೊಡೆಯಬಾರದು ಅಂದಳು. ನನಗೆ ವಾದ ಮಾಡುವ ಅಭ್ಯಾಸವಿದೆ. ಸ್ವಲ್ಪ ಇಳಿಸಿ ಕೂತಿದ್ದರೆ ನನಗೂ ಮರ್ಯಾದೆ, ನಿನಗೂ ಬೆಲ್ಲದ ಖರ್ಚು ಕಡಿಮೆ ಅಂದೆ. ಅವಳು ಒಲೆಯ ಕಡೆ ತಿರುಗಿಕೊಂಡೇ ಇದ್ದಳು.

“ಹರಕಿ ಹೊರುವಾಗ ನಾನೇನು ತೂಕ ಕೇಳಿದ್ನೇನ್ರಿ? ಮನುಷ್ಯ ಮನಿಗಿ ಬರಲಿ ಅಂತ ಕೇಳಿದ್ದೆ. ಬಂದ್ರಿ. ಬಂದ ದಿನಾನೇ ತೂಗಬೇಕಿತ್ತು.”

ಈ ಮಾತನ್ನು ನಾನು ಅನೇಕ ದಿನ ಕೈಯಲ್ಲಿಟ್ಟುಕೊಂಡು ನೋಡಿದ್ದೇನೆ. ನನಗೆ ದೇವರ ವಿಷಯದಲ್ಲಿ ದೊಡ್ಡ ನಂಬಿಕೆ ಇಲ್ಲ, ಮೇಷ್ಟ್ರಿಗೆ ಗೊತ್ತು. ಆದರೂ ಇದು ಲೆಕ್ಕದ ಮಾತು. ಆಸ್ಪತ್ರೆಯಿಂದ ಬಂದ ದಿನ ನಾನು ಅತ್ಯಂತ ಭಾರವಾಗಿದ್ದೆ. ಅವಳ ಲೆಕ್ಕದಲ್ಲಿ ಆ ಭಾರವೆಲ್ಲ ಲಾಭ. ನನ್ನ ಲೆಕ್ಕದಲ್ಲಿ ಎಲ್ಲವೂ ಕಳೆಯಬೇಕಾದ ಬಾರದಾನ. ಒಂದೇ ಮನೆ, ಒಂದೇ ಮೈ, ಎರಡು ತಕ್ಕಡಿ. ಯಾವುದು ಸರಿ? ಡಾಕ್ಟರ್ ಇಲ್ಲೇ ಇದ್ದಾರೆ, ಅವರು ನನ್ನ ಕಡೆಯೇ ಮಾತನಾಡಬೇಕಾಗುತ್ತದೆ. ನಾನು ನಾಳೆ ಬೆಳಿಗ್ಗೆಯೂ ನಡೆಯಲು ಹೋಗುತ್ತೇನೆ. ಇಳಿದರೆ ಇಳಿಯಲಿ. ಇನ್ನೊಂದು ಕಿಲೋ ಇಳಿದರೆ ನನ್ನ ಮೊಣಕಾಲಿಗೆ ಖುಷಿಯಾಗುತ್ತದೆ, ಅದಕ್ಕಿಂತ ಹೆಚ್ಚಿನ ಯಾವ ಬಾಗಿಲೂ ಅದರಿಂದ ತೆರೆಯುವುದಿಲ್ಲ ಎಂದು ಈಗ ತಿಳಿದಿದೆ. ಮಿರ್ಚಿಯನ್ನು ವಾರಕ್ಕೊಮ್ಮೆ ಮಾಡೋಣವೇ ಎಂದು ಸಮಿತಿಯ ಮುಂದೆ ಸೂಚನೆ ಇಡುತ್ತೇನೆ. ಅದು ಬಿದ್ದುಹೋಗುತ್ತದೆ ಎಂಬುದೂ ಗೊತ್ತಿದೆ.

ರಂಜಾನ್ ಆದ ಮರುವಾರವೇ ಮುನಾವರ ಸಮಿತಿಯಲ್ಲಿ ಈ ತುಲಾಭಾರದ ಮಾತು ತೆಗೆದ. ಗುಡಿಯ ಮುಂದೆ ಆಗಬೇಕಲ್ಲವೇ ಎಂದು ನಾನು ಪುಷ್ಪಲತಾಳನ್ನು ಕೇಳಿದರೆ, ತೂಗೋದು ಎಲ್ಲಿ ಆದರೇನು, ಬೆಲ್ಲ ದಾಸೋಹಕ್ಕೆ ಹೋದರೆ ಆಯಿತು ಎಂದಳು. ಮತ್ತೆ ಅವಳ ಮನಸ್ಸು ಬದಲಾಗುವ ಮೊದಲು, ನನ್ನ ಮನಸ್ಸು ಬದಲಾಗುವ ಮೊದಲು ಎಂದು ಹೇಳಿದರೆ ಹೆಚ್ಚು ಸರಿ, ಒಪ್ಪಿಕೊಂಡೆ. ಒಪ್ಪಿಕೊಂಡವನು ಹಳೆಯ ಅಂಕಿಯೊಂದು ಗ್ರೂಪಿನಲ್ಲಿ ಕೂತಿದೆ ಎಂಬುದನ್ನು ಮಾತ್ರ ಮರೆತೆ.

ಈಗ ಎಂಬತ್ತೊಂಬತ್ತು ಎಂದು ನಾನು ಹೇಳಿದ ಕೂಡಲೇ ಮುನಾವರ ಎದ್ದು ಪಕ್ಕದ ಬಾಗಿಲಿನಿಂದ ಹೋದದ್ದನ್ನು ಕೆಲವರು ಗಮನಿಸಿರಬಹುದು. ಅವನ ಬೈಕಿನ ಸದ್ದು ನನಗೆ ಕೇಳಿತು. ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡುವವನ ಸ್ವಂತ ಸೈಲೆನ್ಸರ್ ಒಡೆದಿದೆ. ಅವನು ಕಿರಾಣಿ ಅಂಗಡಿ ಯರ್ರೆಪ್ಪನನ್ನು ಬೀಗ ಹಾಕುವ ಮೊದಲು ಹಿಡಿದರೆ ಇನ್ನೊಂದು ಪೆಂಟೆ ಬರುತ್ತದೆ. ಹಿಡಿಯದಿದ್ದರೆ ಎಬ್ಬಿಸಿ ತರುತ್ತಾನೆ.

ಹಾಗಾಗಿ ನನ್ನದೊಂದು ವಿನಂತಿ. ನಾನು ತಟ್ಟೆಯಲ್ಲಿ ಕೂತಾಗ ಯಾರೂ ಓಡಿ ಬಂದು ನನ್ನ ಮೈಮೇಲಿನ ಭಾರ ಇಳಿಸಬೇಡಿ. ನೀವು ಹೊದಿಸಿದ ಶಾಲು ಇರಲಿ. ಹಾರ ಇರಲಿ. ಈ ಹಣ್ಣಿನ ಬುಟ್ಟಿಯನ್ನೂ ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತೇನೆ. ಚಪ್ಪಲಿ ಬಿಡುತ್ತೇನೆ, ಅದು ಮರ್ಯಾದೆಯ ಮಾತು, ಉಳಿದದ್ದೆಲ್ಲ ಬಾರದಾನ ಸಮೇತ ತೂಗಿರಿ. ತಟ್ಟೆ ಮೊದಲು ಏಳುವುದಿಲ್ಲ. ನಗುವವರು ಧಾರಾಳವಾಗಿ ನಗಬಹುದು, ಫೋಟೋ ತೆಗೆಯುವವರು ತೆಗೆಯಬಹುದು, ಈ ಸಲ ನಾನು ಹಿಂದೆ ನಿಲ್ಲುವುದಿಲ್ಲ. ಮುನಾವರ ಬರುವವರೆಗೆ ನಾನು ಅಲ್ಲೇ ನೆಲಕ್ಕೆ ತಾಗಿಕೊಂಡು ಕೂತಿರುತ್ತೇನೆ.

ನಾಲ್ಕು ವರ್ಷ ಬೆಳಗಾಗೆದ್ದು ಯಂತ್ರದ ಮೇಲೆ ಏನು ಬಂದೀತು ಎಂದು ನೋಡುವ ಕುತೂಹಲ ನನಗಿತ್ತು. ಇವತ್ತು ಅಂಕಿ ಗೊತ್ತಿದೆ, ನಿಮಗೂ ಗೊತ್ತಾಗಿದೆ. ನನಗೆ ಗೊತ್ತಿಲ್ಲದ್ದು ಬೇರೆ. ತಟ್ಟೆ ಎದ್ದ ಮೇಲೆ, ದಾಸೋಹಕ್ಕೆ ಹೋಗುವ ಮೊದಲು, ಆ ರಾಶಿಯಿಂದ ಒಂದು ಚೂರನ್ನು ಪ್ರಸಾದವೆಂದು ಮುರಿದು ಪುಷ್ಪಲತಾಳ ಕೈಗೆ ಕೊಡುತ್ತಾರೆ. ಅಷ್ಟು ದಿನದ ಮೇಲೆ ಬೆಲ್ಲ ನಾಲಿಗೆಗೆ ಸಿಕ್ಕಾಗ ಅವಳ ಮುಖ ಹೇಗಾಗುತ್ತದೆ? ಅದನ್ನು ನೋಡಲು ಈ ಸಭಾಂಗಣದಲ್ಲಿ ನನಗಿಂತ ಒಳ್ಳೆಯ ಜಾಗ ಯಾರಿಗೂ ಇಲ್ಲ. ಅವಳು ಕೂತ ಕುರ್ಚಿಯ ನೇರಕ್ಕೇ ತಟ್ಟೆ ಇದೆ, ಕೂತು ನೋಡಿದ್ದೇನೆ.

ಬೈಕಿನ ಸದ್ದು ಹತ್ತಿರ ಬರುತ್ತಿದೆ. ಶಾಲು ಹೊದಿಸಿದ ಬಳಗಕ್ಕೆ, ನನ್ನನ್ನು ಮನೆಗೆ ಕಳಿಸಿಕೊಟ್ಟ ಡಾಕ್ಟರಿಗೆ, ಹತ್ತು ನಿಮಿಷ ಎಂದವನನ್ನು ಇಷ್ಟು ಹೊತ್ತು ತಡೆದುಕೊಂಡ ಮೇಷ್ಟ್ರಿಗೆ, ಹಸಿದು ಕೂತ ನಿಮ್ಮೆಲ್ಲರಿಗೆ ನನ್ನ ಕೃತಜ್ಞತೆಗಳು. ಯಾರಾದರೂ ಒಬ್ಬರು ತಕ್ಕಡಿಯ ಸರಪಳಿ ಹಿಡಿದುಕೊಳ್ಳಿ, ಹತ್ತುವಾಗ ತೂಗಾಡುತ್ತದೆ.

ನಮಸ್ಕಾರ.